ಜಪಾನಿನಲ್ಲಿ ಪ್ರವಾಸಿಗೆ ಸಿಕ್ಕ ಆದರ, ಅಲ್ಲಿಯೇ ಬಾಡಿಗೆ ಮನೆ ಹಿಡಿದವನಿಗೂ ಸಿಗುತ್ತದೆಯೇ?

ಪ್ರಶ್ನೆ: ಹೇಮಾವತಿ ದಂಡೆಯವ

ಎಲ್ಲರಿಗೂ ನಮಸ್ಕಾರ. ನಾನು ಹಾಸನ ಜಿಲ್ಲೆಯವನು. ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನ ಹೊರವಲಯದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿದ್ದೇನೆ. ಬರುವ ಏಪ್ರಿಲ್‌ನಿಂದ ಮೂರು ವರ್ಷಗಳ ಮಟ್ಟಿಗೆ ಜಪಾನಿನ ಐಚಿ ಪ್ರಾಂತ್ಯಕ್ಕೆ, ಅಂದರೆ ನಗೋಯಾದ ಆಸುಪಾಸಿಗೆ, ಹೆಂಡತಿ ಮತ್ತು ಏಳು ವರ್ಷದ ಮಗಳೊಂದಿಗೆ ಹೋಗುವಿರಾ ಎಂದು ಮೇಲಿನವರು ಕೇಳಿದ್ದಾರೆ. ಉತ್ತರ ಕೊಡಲು ಈ ತಿಂಗಳ ಕೊನೆಯವರೆಗೆ ಸಮಯವಿದೆ.

2019ರ ನವೆಂಬರಿನಲ್ಲಿ, ಆಗಿನ್ನೂ ಕೈಗೂಸಾಗಿದ್ದ ಮಗಳನ್ನು ಎತ್ತಿಕೊಂಡು, ನಾವು ಹನ್ನೆರಡು ದಿನ ಆ ದೇಶವನ್ನು ಸುತ್ತಿ ಬಂದಿದ್ದೆವು. ಕನಜಾವಾ ನಿಲ್ದಾಣದಲ್ಲಿ ಇಳಿಯುವ ಗಡಿಬಿಡಿಯಲ್ಲಿ ಕ್ಯಾಮೆರಾವನ್ನು ರೈಲಿನಲ್ಲಿಯೇ ಬಿಟ್ಟೆ. ಮಾರನೆಯ ದಿನ ಹೋಗಿ ವಿಚಾರಿಸಿದರೆ, ಅಲ್ಲಿನ ಸಿಬ್ಬಂದಿ ಅದನ್ನು ಪಾರದರ್ಶಕ ಚೀಲದೊಳಗಿಟ್ಟು, ಸಿಕ್ಕ ಬೋಗಿ, ಆಸನ ಮತ್ತು ಹೊತ್ತನ್ನು ಬರೆದ ಚೀಟಿಯೊಂದನ್ನು ಮೇಲೆ ಅಂಟಿಸಿ, ಎರಡೂ ಕೈಗಳಿಂದ ನೀಡಿ ತಲೆಬಾಗಿದರು. ಮರೆತವನು ನಾನು, ಬಾಗಿದವರು ಅವರು ಎಂದು ನಾಚಿಕೆಯೇ ಆಯಿತು. ಆ ಹನ್ನೆರಡು ದಿನಗಳಲ್ಲಿ ಮುಖ ಸಿಂಡರಿಸಿದ ಒಬ್ಬರನ್ನೂ ನಾವು ಕಾಣಲಿಲ್ಲ.

ಆದ್ದರಿಂದ ಹೋಗುವುದಕ್ಕೆ ಮನಸ್ಸೇನೋ ಇದೆ. ಆದರೆ ನಮ್ಮ ವಿಭಾಗದಿಂದ ಹಿಂದೆ ಹೋಗಿ ಬಂದ ಹಿರಿಯ ಸಹೋದ್ಯೋಗಿಯೊಬ್ಬರು, "ಮೂರು ವರ್ಷದಲ್ಲಿ ಒಬ್ಬರ ಮನೆಯ ಹೊಸ್ತಿಲನ್ನೂ ದಾಟಲಿಲ್ಲ, ನಮ್ಮ ಮನೆಗೂ ಯಾರೂ ಬರಲಿಲ್ಲ" ಎಂದು ಹೇಳಿದ್ದು ಕಿವಿಯಲ್ಲಿಯೇ ಉಳಿದಿದೆ. ಕ್ಯೋಟೋದಲ್ಲಿ ಪ್ರವಾಸಿಗರಿಗೆ ಓಣಿಗಳನ್ನು ಮುಚ್ಚಿದ ಸುದ್ದಿಯನ್ನೂ, 2025ರ ಚುನಾವಣೆಯಲ್ಲಿ "ಜಪಾನಿಯರೇ ಮೊದಲು" ಎಂಬ ಘೋಷಣೆ ಕೇಳಿಬಂದದ್ದನ್ನೂ ಓದಿದ್ದೇನೆ. ನಾನು ತಿಳಿಯಬಯಸುವುದು ಇಷ್ಟೇ: ನಾವು ಪ್ರವಾಸಿಗರಾಗಿ ಕಂಡ ಆ ಸೌಜನ್ಯ, ಅಲ್ಲಿಯೇ ಮನೆ ಮಾಡಿ, ಮಗುವನ್ನು ಶಾಲೆಗೆ ಸೇರಿಸಿ ಬಾಳುವವರಿಗೂ ಸಿಗುತ್ತದೆಯೇ, ಅಥವಾ ಅದು ಹೋಗುವ ದಿನಾಂಕ ಗೊತ್ತಿರುವವರಿಗೆ ಮಾತ್ರವೇ? ನಾವು ಶುದ್ಧ ಸಸ್ಯಾಹಾರಿಗಳು ಎಂಬುದನ್ನೂ ಗಮನದಲ್ಲಿಟ್ಟುಕೊಂಡು, ಅಲ್ಲಿ ವಾಸವಾಗಿರುವವರು ಉಪ್ಪು ಖಾರ ಹಚ್ಚದೆ ತಿಳಿಸಬೇಕೆಂದು ಕೋರಿಕೆ.

ಉತ್ತರ 1: ನಿಶಿಕಾಸಾಯ್ ನಿವಾಸಿ

ಹನ್ನೊಂದು ವರ್ಷಗಳಿಂದ ಟೋಕಿಯೋದ ಎದೊಗಾವಾ ವಾರ್ಡಿನ ನಿಶಿಕಾಸಾಯಿಯಲ್ಲಿದ್ದೇನೆ. 2000ನೇ ಇಸವಿಯ ಕಂಪ್ಯೂಟರ್ ಗಂಡಾಂತರವನ್ನು ಸರಿಪಡಿಸಲು ಬಂದ ಭಾರತೀಯ ಎಂಜಿನಿಯರುಗಳು, ತೋಜಾಯ್ ಮಾರ್ಗದ ರೈಲು ಹತ್ತಿದರೆ ಒತೆಮಾಚಿಯ ಕಚೇರಿಗಳಿಗೆ ನೇರವಾಗಿ ತಲುಪಬಹುದೆಂಬ ಕಾರಣಕ್ಕೆ ಇಲ್ಲಿ ನೆಲೆಸತೊಡಗಿದರು. ಇಂದು ಇಲ್ಲಿ ತೊಗರಿಬೇಳೆಗೂ ಹುಣಸೆಹಣ್ಣಿಗೂ ಬರವಿಲ್ಲ. ಐಚಿಯಲ್ಲಿ ನಿಮಗೆ ಈ ಅನುಕೂಲ ಇಷ್ಟರ ಮಟ್ಟಿಗೆ ಇರಲಾರದು. ಅದನ್ನು ಹೇಳಿಯೇ ಮುಂದುವರಿಯುತ್ತೇನೆ.

ನೀವು ಕೇಳಿದ ವ್ಯತ್ಯಾಸ ಮೊದಲು ಗೊತ್ತಾಗುವುದು ಮನೆ ಹುಡುಕುವಾಗ. ನಾನು ಬಂದ ವರ್ಷ ಬೇರೊಂದು ಬಡಾವಣೆಯಲ್ಲಿ ಮನೆ ನೋಡುತ್ತಿದ್ದೆ. ಏಜೆಂಟನು ನನ್ನನ್ನು ಎದುರಿಗೇ ಕೂರಿಸಿಕೊಂಡು ಮಾಲೀಕರಿಗೆ ಒಬ್ಬೊಬ್ಬರಾಗಿ ಫೋನ್ ಮಾಡುತ್ತಿದ್ದ. ನನ್ನ ಉದ್ಯೋಗ, ಸಂಬಳ, ಮನೆಯಲ್ಲಿ ಇಬ್ಬರೇ ಇರುವುದು, ಸಾಕುಪ್ರಾಣಿ ಇಲ್ಲದಿರುವುದು ಎಲ್ಲವನ್ನೂ ಹೊಗಳಿಕೆಯ ದನಿಯಲ್ಲಿ ಹೇಳಿ ಮುಗಿಸಿ, ಕೊನೆಗೆ ಸ್ವರ ತಗ್ಗಿಸಿ "ಗಾಯ್ಕೊಕುಜಿನ್ ದೆಸು ಗಾ" ಎನ್ನುತ್ತಿದ್ದ. "ವಿದೇಶಿಯರು, ಆದರೆ..." ಎಂದು ಅದರ ಅರ್ಥ. ಆ "ಗಾ" ಆದ ಮೇಲೆ ಒಂದು ಮೌನ. ಆಮೇಲೆ ಆತ ಗೋಡೆಗೆ ಮುಖ ಮಾಡಿ ಫೋನಿಗೇ ಬಾಗಿ ವಂದಿಸಿ, ಪಟ್ಟಿಯಲ್ಲಿದ್ದ ಮನೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ನನ್ನತ್ತ ತಿರುಗಿ ಬಹಳ ಮರ್ಯಾದೆಯಿಂದ ಕ್ಷಮೆ ಕೇಳುತ್ತಿದ್ದ. ಹೀಗೆ ಐದು ಮನೆಗಳಿಗೆ ಗೆರೆ ಬಿತ್ತು. ಆರನೆಯ ಮಾಲೀಕರು ಕೇಳಿದ್ದು ಒಂದೇ ಪ್ರಶ್ನೆ: ಎಣ್ಣೆಯಲ್ಲಿ ಮಸಾಲೆ ಹುರಿಯುತ್ತಾರೆಯೇ, ಆ ವಾಸನೆ ಗೋಡೆಯ ಕಾಗದಕ್ಕೆ ಹತ್ತುತ್ತದೆಯೇ ಎಂದು. ಒಗ್ಗರಣೆಯಿಲ್ಲದೆ ಬದುಕುತ್ತೇನೆಂದು ನಾನು ಸುಳ್ಳು ಹೇಳಲಿಲ್ಲ. ಹೊಗೆ ಹೀರುವ ಯಂತ್ರ ಹಾಕಿಕೊಂಡೇ ಮಾಡುತ್ತೇವೆ ಎಂದೆ. ಮನೆ ಸಿಕ್ಕಿತು.

ಇದು ನನ್ನೊಬ್ಬನ ಅನುಭವವಲ್ಲ. ಜಪಾನಿನ ನ್ಯಾಯ ಸಚಿವಾಲಯವೇ ನಡೆಸಿ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಗೆ 4,252 ವಿದೇಶಿ ನಿವಾಸಿಗಳು ಉತ್ತರಿಸಿದ್ದರು. ಹಿಂದಿನ ಐದು ವರ್ಷಗಳಲ್ಲಿ ಮನೆ ಹುಡುಕಿದ್ದವರ ಪೈಕಿ ಶೇ 39.3ರಷ್ಟು ಮಂದಿ, ವಿದೇಶಿಯರೆಂಬ ಕಾರಣಕ್ಕೆ ಮನೆ ಕೊಡಲಿಲ್ಲವೆಂದು ಹೇಳಿದ್ದರು. ಜಪಾನಿ ಜಾಮೀನುದಾರರಿಲ್ಲವೆಂದು ನಿರಾಕರಿಸಲ್ಪಟ್ಟವರು ಶೇ 41.2. ಎರಡನೆಯ ಅಂಕಿಯನ್ನು ಗಮನಿಸಿ. ಇಲ್ಲಿ ಕಾನೂನು ಬಾಡಿಗೆದಾರನ ಕಡೆ ಗಟ್ಟಿಯಾಗಿ ನಿಂತಿರುವುದರಿಂದ, ಒಮ್ಮೆ ಒಳಗೆ ಬಂದವರನ್ನು ಎಬ್ಬಿಸುವುದು ಮಾಲೀಕನಿಗೆ ಸುಲಭವಲ್ಲ. ಬಾಡಿಗೆ ಬಾಕಿಯಿಟ್ಟು ವಿಮಾನ ಹತ್ತಿದರೆ ಹಿಡಿಯುವವರು ಯಾರು, ನಡುರಾತ್ರಿ ನೀರಿನ ಪೈಪು ಒಡೆದರೆ ಯಾವ ಭಾಷೆಯಲ್ಲಿ ಹೇಳುವುದು ಎಂಬ ಅಂಜಿಕೆಯೇ ಅವರಲ್ಲಿ ಹೆಚ್ಚು. ದ್ವೇಷವೆಂದು ನನಗನ್ನಿಸಿಲ್ಲ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತ "ನೀವು ಯಾವ ಜನ?" ಎಂದು ಕೇಳಿಸಿಕೊಂಡವರು ನಮ್ಮಲ್ಲಿ ಕಡಿಮೆಯೇನಿಲ್ಲ; ಇಲ್ಲಿಯವರು ಕನಿಷ್ಠ ಬಾಗಿ ವಂದಿಸಿ ಇಲ್ಲವೆನ್ನುತ್ತಾರೆ.

ನಿಮ್ಮನ್ನು ಕಂಪನಿ ಕಳುಹಿಸುತ್ತಿರುವುದರಿಂದ ಮನೆಯನ್ನು ಕಂಪನಿಯ ಹೆಸರಿನಲ್ಲಿಯೇ ಬಾಡಿಗೆಗೆ ಪಡೆಯುವಂತೆ ಈಗಲೇ ಬರೆಸಿಕೊಳ್ಳಿ. ಅದಾಗದಿದ್ದರೆ ಯುಆರ್ ಎಂದು ಕರೆಯುವ ಸರ್ಕಾರಿ ಸಂಸ್ಥೆಯ ವಸತಿ ಸಮುಚ್ಚಯಗಳಿವೆ. ಅಲ್ಲಿ ಎರಡು ತಿಂಗಳ ಬಾಡಿಗೆಯನ್ನು ಠೇವಣಿ ಇಡಬೇಕು. ಆದರೆ ಜಾಮೀನುದಾರರು ಬೇಡ, ದಲ್ಲಾಳಿ ಶುಲ್ಕವಿಲ್ಲ, ಮಾಲೀಕನಿಗೆ "ರೇಕಿನ್" ಎಂಬ ಹೆಸರಿನಲ್ಲಿ ಕೊಟ್ಟು ಮರೆತುಬಿಡಬೇಕಾದ ಕಾಣಿಕೆಯೂ ಇಲ್ಲ. ನಿಶಿಕಾಸಾಯಿಯಲ್ಲಿ ನಮ್ಮವರು ಇಷ್ಟೊಂದು ಮಂದಿ ನೆಲೆ ನಿಂತದ್ದಕ್ಕೆ ಈ ವಸತಿಗಳೂ ಒಂದು ಕಾರಣ.

ಊಟದ ಮಾತು. "ವೆಜಿಟೇರಿಯನ್" ಎಂದಷ್ಟೇ ಹೇಳಿದರೆ ಮಾಂಸದ ತುಂಡನ್ನು ತೆಗೆದು ಉಳಿದದ್ದನ್ನು ತಂದಿಡುವ ಸಂಭವವಿದೆ. ಇಲ್ಲಿಯ ಅಡುಗೆಗೆಲ್ಲ ತಳಹದಿಯಾದ "ದಾಶಿ" ಎಂಬ ತಿಳಿಸಾರು ಸಾಮಾನ್ಯವಾಗಿ ಒಣಗಿಸಿ ಹೆರೆದ ಮೀನಿನದು. ಬೇಯಿಸಿದ ಸೊಪ್ಪು, ನೂಡಲ್ಸಿನ ಸಾರು, ತೋಫುವಿನ ಮೇಲಿನ ರಸ, ಎಲ್ಲದರಲ್ಲಿಯೂ ಅದಿರುತ್ತದೆ. ಪ್ರವಾಸದಲ್ಲಿ ಇದು ಹೊಟ್ಟೆಯ ತೊಂದರೆ ಮಾತ್ರ. ವಾಸಕ್ಕೆ ಬಂದವರಿಗೆ ತೊಂದರೆ ಬೇರೆ ರೀತಿಯದು, ಏಕೆಂದರೆ ಇಲ್ಲಿ ಸಹೋದ್ಯೋಗಿಗಳು ಮನಸ್ಸು ಬಿಚ್ಚುವುದು ಕಚೇರಿಯಲ್ಲಲ್ಲ, ಸಂಜೆ ಒಟ್ಟಿಗೆ ಕುಡಿದು ತಿನ್ನುವ "ನೊಮಿಕಾಯ್"ಯಲ್ಲಿ. ಅಲ್ಲಿ ನನಗೆ ತಿನ್ನಲು ಇರುತ್ತಿದ್ದದ್ದು ಉಪ್ಪು ಹಾಕಿ ಬೇಯಿಸಿದ ಸೋಯಾ ಕಾಯಿ ಮಾತ್ರ. ಮೊದಲ ವರ್ಷ ತಪ್ಪಿಸಿಕೊಂಡೆ, ಎರಡನೆಯ ವರ್ಷ ಯಾರೂ ಕರೆಯಲಿಲ್ಲ. ಮೂರನೆಯ ವರ್ಷ ನಾನೇ ಕೇಳಿಕೊಂಡು ಹೋಗಿ, ಕಿತ್ತಳೆ ರಸ ಹಿಡಿದು ಎರಡು ಗಂಟೆ ಕುಳಿತೆ; ಅಂದಿನಿಂದ ಕಚೇರಿಯಲ್ಲಿ ನನ್ನ ಹೆಸರಿಗೆ ಗೌರವಸೂಚಕ "ಸಾನ್" ಸೇರಿಸಿ ಕರೆಯುವ ದನಿಯೇ ಬದಲಾಯಿತು. ನಿಮ್ಮ ಹಿರಿಯ ಸಹೋದ್ಯೋಗಿಯವರನ್ನು ಈ ವಿಷಯದಲ್ಲಿ ಒಂದು ಮಾತು ಕೇಳಿ ನೋಡಿ. ಇನ್ನು ಹೊಸ್ತಿಲಿನ ವಿಷಯ: ಇಲ್ಲಿಯ ಮನೆಗಳು ಚಿಕ್ಕವು, ಜಪಾನಿಯರು ತಮ್ಮತಮ್ಮಲ್ಲಿಯೇ ಮನೆಗೆ ಕರೆಯುವುದು ಅಪರೂಪ. ಅದನ್ನು ಅವಮಾನವೆಂದು ಎಣಿಸಬೇಕಾಗಿಲ್ಲ.

ಉತ್ತರ 2: ಊರೂರು ತಿರುಗುವವ

ನಾನು ವಾಸಿಯಲ್ಲ. ಕರ್ನಾಟಕದಿಂದ ಪ್ರತಿ ವರ್ಷ ಎರಡು ಮೂರು ತಂಡಗಳನ್ನು ಜಪಾನಿಗೆ ಕರೆದೊಯ್ಯುವವನು. ಆದ್ದರಿಂದ ಪ್ರವಾಸಿಗಳ ಕಡೆಯ ಮಾತನ್ನಷ್ಟೇ ಹೇಳಬಲ್ಲೆ.

ನೀವು ನೋಡಿದ 2019ರ ಜಪಾನು ಈಗಿಲ್ಲ ಎಂದು ಹೇಳಿದರೆ ಅತಿಯಾದೀತು. ಆದರೆ ಆ ವರ್ಷ 3 ಕೋಟಿ 18 ಲಕ್ಷದಷ್ಟಿದ್ದ ವಿದೇಶಿ ಪ್ರವಾಸಿಗರ ಸಂಖ್ಯೆ 2024ರಲ್ಲಿ 3 ಕೋಟಿ 68 ಲಕ್ಷಕ್ಕೆ ಏರಿತು. ಯೆನ್ ಅಗ್ಗವಾದದ್ದೇ ಇದಕ್ಕೆ ಮುಖ್ಯ ಕಾರಣ. ಒಲಿಂಪಿಕ್ಸ್ ನಮಗೆ ಕೊಡಿ ಎಂದು 2013ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕೇಳುವಾಗ "ಒ-ಮೊ-ತೆ-ನಾ-ಶಿ" ಎಂದು ಅಕ್ಷರ ಬಿಡಿಸಿ ಹೇಳಿ ಅತಿಥಿ ಸತ್ಕಾರದ ಭರವಸೆ ಕೊಟ್ಟ ದೇಶವೇ, ಈಗ ಅತಿಥಿಗಳು ಹೆಚ್ಚಾದರೆಂದು ಬೇಲಿ ಹಾಕುತ್ತಿದೆ. ಆದರೆ ಆ ಬೇಲಿಗಳನ್ನು ಹತ್ತಿರದಿಂದ ನೋಡಬೇಕು. ಫುಜಿ ಪರ್ವತದ ಬುಡದ ಫುಜಿಕವಾಗುಚಿಕೊ ಪಟ್ಟಣದಲ್ಲಿ ಲಾಸನ್ ಅಂಗಡಿಯ ಹಿಂದೆ ಪರ್ವತ ಕಾಣುವ ಚಿತ್ರಕ್ಕಾಗಿ ಜನ ರಸ್ತೆಯ ನಡುವೆ ನಿಲ್ಲುತ್ತಿದ್ದರು, ಎದುರಿನ ದಂತ ಚಿಕಿತ್ಸಾಲಯದ ಆವರಣಕ್ಕೆ ನುಗ್ಗುತ್ತಿದ್ದರು. 2024ರ ಮೇ ತಿಂಗಳಲ್ಲಿ ಅಲ್ಲಿ ಎರಡೂವರೆ ಮೀಟರ್ ಎತ್ತರ, ಇಪ್ಪತ್ತು ಮೀಟರ್ ಉದ್ದದ ಕಪ್ಪು ಪರದೆ ಕಟ್ಟಿದರು; ಆಗಸ್ಟಿನಲ್ಲಿ ಅದನ್ನು ಬಿಚ್ಚಿಯೂ ಬಿಟ್ಟರು. ಕ್ಯೋಟೋದ ಗಿಯೋನ್‌ನಲ್ಲಿ ಮುಚ್ಚಿದ್ದು ಇಡೀ ಬಡಾವಣೆಯನ್ನಲ್ಲ, ಖಾಸಗಿ ಓಣಿಗಳನ್ನು ಮಾತ್ರ. ಹಾಡು ನೃತ್ಯಗಳಿಂದ ಅತಿಥಿಗಳನ್ನು ರಂಜಿಸುವ ಗೇಯ್ಶಾ ಮತ್ತು ಆ ಕಲೆಯನ್ನು ಕಲಿಯುತ್ತಿರುವ ಮಾಯ್ಕೊ ಹೆಣ್ಣುಮಕ್ಕಳು ಕೆಲಸಕ್ಕೆ ಹೊರಟಾಗ ಅವರ ಹಿಂದೆ ಓಡಿ ಕಿಮೊನೊ ಜಗ್ಗಿದರೆ ಯಾವ ಊರಿನವರು ಸುಮ್ಮನಿರುತ್ತಾರೆ? ಅಲ್ಲಿಗೆ ಹೋಗಬೇಡಿರೆಂದು, ಹೋದರೆ 10,000 ಯೆನ್ ದಂಡವೆಂದು ಫಲಕವಿದ್ದರೂ, ನನ್ನದೇ ತಂಡದ ಮಹನೀಯರೊಬ್ಬರು ಫಲಕದ ಪಕ್ಕದಲ್ಲಿಯೇ ನಿಂತು ಒಳಗಡೆಗೆ ಸೆಲ್ಫಿ ಕೋಲು ಚಾಚಿದ್ದರು. ಓಣಿಯಿಂದ ಹೊರಬಂದ ವೃದ್ಧೆ ಅವರಿಗೆ ಏನನ್ನೂ ಹೇಳಲಿಲ್ಲ. ನನ್ನ ಕೈಯಲ್ಲಿದ್ದ ತಂಡದ ಬಾವುಟವನ್ನು ಒಮ್ಮೆ ನೋಡಿ ಹೋದರು.

ವಿದೇಶಿಯರಿಗೆ ಹೆಚ್ಚು ದರ ಹಾಕುತ್ತಾರೆಂಬ ದೂರೂ ಇದೆ. ಹಿಮೇಜಿ ಕೋಟೆಗೆ 2026ರ ಮಾರ್ಚ್‌ನಿಂದ ಊರಿನವರಿಗೆ 1,000 ಯೆನ್, ಹೊರಗಿನವರಿಗೆ 2,500 ಯೆನ್. ಅಲ್ಲಿ ಹೊರಗಿನವರೆಂದರೆ ಟೋಕಿಯೋದ ಜಪಾನಿಯೂ ಸೇರಿದಂತೆ ಆ ನಗರದ ನಿವಾಸಿಗಳಲ್ಲದವರೆಲ್ಲರೂ; ನಾಳೆ ನೀವೇ ಹಿಮೇಜಿಯಲ್ಲಿ ಮನೆ ಮಾಡಿದರೆ ನೀವು ಊರಿನವರು. ಹಂಪಿಯಲ್ಲಿ ನಮ್ಮವರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ ಟಿಕೆಟ್ ಹರಿಯುವ ನಾವು ಇದನ್ನು ಅವಮಾನವೆಂದು ಕರೆಯುವುದು ಶೋಭಿಸುವುದಿಲ್ಲ.

ಉತ್ತರ 3: ಹಳದಿ ಬಾವುಟ

ಹೇಮಾವತಿ ದಂಡೆಯವರೇ, ನಾನು ಆರು ವರ್ಷಗಳಿಂದ ಐಚಿ ಪ್ರಾಂತ್ಯದಲ್ಲಿಯೇ ಇದ್ದೇನೆ. ಮೂಲ ಶಿರಸಿಯ ಕಡೆ. ನನ್ನ ಮಗಳೂ ಏಳನೆಯ ವಯಸ್ಸಿನಲ್ಲಿ ಇಲ್ಲಿಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರಿದ್ದರಿಂದ, ನಿಮ್ಮ ಪ್ರಶ್ನೆಯನ್ನು ಓದಿದ ಕೂಡಲೇ ಬರೆಯಬೇಕೆನಿಸಿತು.

ವಿದೇಶಿ ಮಕ್ಕಳಿಗೆ ಇಲ್ಲಿ ಶಿಕ್ಷಣ ಕಡ್ಡಾಯವಲ್ಲ. ಆದರೆ ಪುರಸಭೆಗೆ ಹೋಗಿ ಕೇಳಿದರೆ ಜಪಾನಿ ಮಕ್ಕಳಂತೆಯೇ ಶುಲ್ಕವಿಲ್ಲದೆ ಸೇರಿಸಿಕೊಳ್ಳುತ್ತಾರೆ. ಈ "ಕೇಳಿದರೆ" ಎಂಬುದರಲ್ಲಿ ಎಷ್ಟೊಂದು ಮಕ್ಕಳು ಜಾರಿಹೋಗುತ್ತಾರೆಂದರೆ, 2019ರಲ್ಲಿ ಸರ್ಕಾರ ಮೊದಲ ಬಾರಿಗೆ ದೇಶವ್ಯಾಪಿಯಾಗಿ ಎಣಿಸಿದಾಗ ಸುಮಾರು 20,000 ವಿದೇಶಿ ಮಕ್ಕಳು ಶಾಲೆಯಲ್ಲಿಲ್ಲದಿರಬಹುದೆಂದು ಕಂಡುಬಂದಿತ್ತು. ನೀವು ಕೇಳಿ. ಶಾಲಾ ವರ್ಷವೂ ಏಪ್ರಿಲ್‌ನಲ್ಲಿಯೇ ಆರಂಭವಾಗುವುದರಿಂದ ನಿಮ್ಮ ಸಮಯ ಸರಿಯಾಗಿ ಕೂಡಿಬಂದಿದೆ.

ಮೊದಲ ವಾರವೇ ತೊಡಕಾದದ್ದು ಮಗಳ ಕಿವಿಯ ಓಲೆ. ಓಲೆ ಧರಿಸಿ ಬರುವಂತಿಲ್ಲವೆಂಬುದು ಶಾಲೆಯ ನಿಯಮ. ನಮ್ಮಲ್ಲಿ ಕಿವಿ ಚುಚ್ಚುವುದು ಶೋಕಿಯಲ್ಲ, ಹಸುಗೂಸಿಗೆ ಮಾಡುವ ಶಾಸ್ತ್ರ ಎಂದು ನನ್ನ ಅರೆಬರೆ ಜಪಾನಿಯಲ್ಲಿ ಹೇಳಿದೆ. ತರಗತಿಯ ಶಿಕ್ಷಕಿ ಹೌದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ, "ಮುಜುಕಾಶೀ" ಎಂದರು. "ಕಷ್ಟ" ಎಂಬ ಈ ಮಾತಿಗೆ ಇಲ್ಲಿ "ಆಗುವುದಿಲ್ಲ" ಎಂದೇ ಅರ್ಥವೆಂದು ಆಗ ನನಗೆ ತಿಳಿದಿರಲಿಲ್ಲ. ಹತ್ತು ದಿನ ಕಳೆದ ಮೇಲೆ ಮುಖ್ಯೋಪಾಧ್ಯಾಯರ ಮುದ್ರೆಯಿದ್ದ ಪತ್ರವೊಂದು ಬಂತು: ಓಲೆ ಇರಬಹುದು, ವ್ಯಾಯಾಮದ ತರಗತಿಯಲ್ಲಿ ಮಾತ್ರ ಅದರ ಮೇಲೆ ಚರ್ಮದ ಬಣ್ಣದ ಪಟ್ಟಿ ಅಂಟಿಸಬೇಕು. ಪಟ್ಟಿ ನಮ್ಮ ಚರ್ಮದ ಬಣ್ಣದ್ದಾಗಿರಲಿಲ್ಲ ಎಂಬುದು ಬೇರೆ ಮಾತು. ಆರು ತಿಂಗಳು ಮಗಳು ಕಿವಿಯ ಮೇಲೆ ಎರಡು ತಿಳಿ ಗುಲಾಬಿ ಚುಕ್ಕೆಗಳನ್ನು ಹೊತ್ತು ಮನೆಗೆ ಬಂದಳು. ಆಮೇಲೆ ಒಂದು ದಿನ ಅವಳಾಗಿಯೇ ಓಲೆ ಬಿಚ್ಚಿ ಡಬ್ಬಿಯಲ್ಲಿಟ್ಟಳು. ಯಾರೂ ಬಲವಂತ ಮಾಡಿರಲಿಲ್ಲ. ಅದು ನನ್ನನ್ನು ಕಾಡುವಷ್ಟು ಇಲ್ಲಿಯ ಬೇರೆ ಯಾವ ಅನುಭವವೂ ಕಾಡಿಲ್ಲ.

ಇನ್ನೊಂದು ಬದಿಯನ್ನೂ ಹೇಳುತ್ತೇನೆ. ನಮ್ಮ ಕಡೆ ಮಕ್ಕಳು ಒಬ್ಬೊಬ್ಬರೇ ಶಾಲೆಗೆ ಹೋಗುವುದಿಲ್ಲ. ಓಣಿಯ ಹತ್ತು ಹನ್ನೆರಡು ಮಕ್ಕಳು ಹಳದಿ ಟೋಪಿ ಹಾಕಿಕೊಂಡು ಸಾಲಾಗಿ ನಡೆದುಹೋಗುತ್ತಾರೆ. ಮುಂದೆ ಆರನೆಯ ತರಗತಿಯ ಹುಡುಗನೋ ಹುಡುಗಿಯೋ ಮುಖಂಡತ್ವ ವಹಿಸಿದರೆ, ಚಿಕ್ಕವರು ಅವರ ಬೆನ್ನಿಗೇ ಇರುತ್ತಾರೆ. ರಸ್ತೆ ದಾಟುವಲ್ಲಿ ತಾಯಂದಿರು ಸರದಿಯ ಮೇಲೆ ಹಳದಿ ಬಾವುಟ ಹಿಡಿದು ನಿಲ್ಲಬೇಕು. ಮೊದಲ ವರ್ಷ ಸರದಿಯ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ನನಗೆ ಭಾಷೆ ಬಾರದೆಂದು ಕನಿಕರದಿಂದ ಬಿಟ್ಟಿದ್ದರು. ದಾರಿಯಲ್ಲಿ ಕಂಡರೆ ಎಲ್ಲರೂ ನಗುತ್ತಿದ್ದರು, ಹವೆಯ ಬಗ್ಗೆ ಒಂದು ಮಾತು, ಅಷ್ಟೇ. ನೀವು ಹೇಳಿದ ಆ ಪ್ರವಾಸಿಯ ಸೌಜನ್ಯ ನನಗೆ ಒಂದು ವರ್ಷ ಪೂರ್ತಿ ಸಿಕ್ಕಿತು, ಮತ್ತು ಒಂಟಿತನದಿಂದ ಅತ್ತದ್ದೂ ಆ ವರ್ಷವೇ. ಎರಡನೆಯ ಏಪ್ರಿಲ್‌ನಲ್ಲಿ ನಾನೇ ಹೋಗಿ ನನ್ನನ್ನೂ ಸೇರಿಸಿರೆಂದು ಕೇಳಿಕೊಂಡೆ. ಬಾವುಟ ಮನೆಗೆ ಬಂತು. ಕೋಲಿಗೆ ಸುತ್ತಿದ ಬಟ್ಟೆ ಪಟ್ಟಿ, ಅದರ ಮೇಲೆ ಹಿಂದಿನ ತಾಯಿಯ ಸುಂದರವಾದ ಕೈಬರಹದಲ್ಲಿ ಬೀದಿಯ ಹೆಸರು. ಮೂರನೆಯ ದಿನ ನಾನು ಬಾವುಟವನ್ನು ಬೇಗ ಇಳಿಸಿಬಿಟ್ಟೆನೆಂದು ಎದುರು ಮನೆಯ ಅಜ್ಜಿ ಎಲ್ಲರ ಮುಂದೆಯೇ ಗದರಿಸಿದರು. ಅವರು ಅಲ್ಲಿಯವರೆಗೆ ನನಗೆ ಒಂದು ಗಡುಸಾದ ಮಾತನ್ನೂ ಆಡಿದವರಲ್ಲ. ಆ ಸಂಜೆಯೇ ತಮ್ಮ ಹಿತ್ತಲಿನ ಎರಡು ಮೂಲಂಗಿಗಳನ್ನು ಸೊಪ್ಪಿನ ಸಮೇತ ತಂದುಕೊಟ್ಟರು. ಮೂಲಂಗಿ ಸೊಪ್ಪಿನ ಪಲ್ಯವನ್ನು ಮಾರನೆಯ ದಿನ ನಾನು ಕೊಂಡೊಯ್ದು ಕೊಟ್ಟೆ. ಒಳಗೆ ಕರೆದರು.

ಇಷ್ಟು ಹೇಳಿ, ಐಚಿಯ ಇನ್ನೊಂದು ಕಥೆಯನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹಿಂದೆ ಕೊರೊಮೊ ಎಂದಿದ್ದು, 1959ರಲ್ಲಿ ಕಾರ್ಖಾನೆಯ ಹೆಸರನ್ನೇ ಇಟ್ಟುಕೊಂಡ ಟೊಯೋಟಾ ನಗರದಲ್ಲಿ ಹೋಮಿ ಎಂಬ ವಸತಿ ಸಮುಚ್ಚಯವಿದೆ. 1990ರಲ್ಲಿ ವಲಸೆ ಕಾನೂನನ್ನು ತಿದ್ದಿ, ಜಪಾನಿ ಮೂಲದ ಬ್ರೆಜಿಲಿಯನ್ನರಿಗೆ ಬಾಗಿಲು ತೆರೆದಾಗ ಬಿಡಿಭಾಗಗಳ ಕಾರ್ಖಾನೆಗಳಿಗೆ ಬಂದವರು ಅಲ್ಲಿ ನೆಲೆಸಿದರು. ಇಂದು ಅಲ್ಲಿಯ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ವಿದೇಶಿಯರು. ಮುಖ ಜಪಾನಿಯರದ್ದೇ, ಅಜ್ಜಂದಿರು ಇಲ್ಲಿಂದಲೇ ಹೋದವರು. ಆದರೂ 2008ರ ಆರ್ಥಿಕ ಕುಸಿತದಲ್ಲಿ ಕೆಲಸ ಹೋದಾಗ, 2009ರಲ್ಲಿ ಸರ್ಕಾರ ಕೆಲಸಗಾರನಿಗೆ ತಲಾ 3 ಲಕ್ಷ ಯೆನ್, ಅವಲಂಬಿತರಿಗೆ ತಲಾ 2 ಲಕ್ಷ ಯೆನ್ ಕೊಟ್ಟು, ಅದೇ ರೀತಿಯ ವೀಸಾದಲ್ಲಿ ಮರಳಿ ಬರಬಾರದೆಂಬ ಕರಾರಿನ ಮೇಲೆ ಊರಿಗೆ ಕಳುಹಿಸಿತು. ನೀವು ಕಂಪನಿಯ ಕಾಗದ ಹಿಡಿದು ಬರುವವರು, ಅವರು ಗುತ್ತಿಗೆಯ ಮೇಲೆ ಬಂದವರು. ಒಂದೇ ಊರಿನಲ್ಲಿ ಸ್ವಾಗತಗಳು ಎರಡು ಬಗೆಯವು ಎಂಬುದನ್ನು ನೀವು ಇಲ್ಲಿಗೆ ಬಂದ ತಿಂಗಳೊಳಗೆ ಕಾಣುವಿರಿ.

ಉತ್ತರ 4: ಕಾನೂನು ಪುಸ್ತಕ

ನಿಶಿಕಾಸಾಯ್ ನಿವಾಸಿಯವರ ಒಂದು ಮಾತನ್ನು ಒಪ್ಪಲಾರೆ. ಮನೆ ನಿರಾಕರಿಸುವುದು ದ್ವೇಷವಲ್ಲ, ಅಂಜಿಕೆ ಎಂದಿದ್ದೀರಿ. ಇರಬಹುದು, ನಿರಾಕರಿಸಿಕೊಂಡವನಿಗೆ ಎರಡೂ ಒಂದೇ. ಬಾಗಿ ವಂದಿಸಿ ಇಲ್ಲವೆಂದರೂ ಅವನು ರಾತ್ರಿ ಮಲಗುವುದು ಹೋಟೆಲಿನಲ್ಲಿಯೇ.

ಹೊಕ್ಕಾಯ್ಡೊದ ಒತಾರು ಬಂದರಿನ ಪ್ರಕರಣವನ್ನು ಎಲ್ಲ ವಲಸಿಗರೂ ತಿಳಿದಿರಬೇಕು. ಅಲ್ಲಿಯ ಸಾರ್ವಜನಿಕ ಬಿಸಿನೀರಿನ ಸ್ನಾನಗೃಹವೊಂದು, ರಷ್ಯನ್ ನಾವಿಕರು ಗಲಾಟೆ ಮಾಡುತ್ತಾರೆಂದು ವಿದೇಶಿಯರಿಗೆ ಪ್ರವೇಶ ನಿಷೇಧಿಸಿತ್ತು. 1999ರಲ್ಲಿ ತಡೆಯಲ್ಪಟ್ಟವರ ಪೈಕಿ ಅಮೆರಿಕದಲ್ಲಿ ಹುಟ್ಟಿದ ಒಬ್ಬರು ಮರುವರ್ಷ ಜಪಾನಿನ ಪೌರತ್ವ ಪಡೆದು, ಆ ಕಾಗದವನ್ನು ಹಿಡಿದು ಮತ್ತೆ ಹೋದರು. ಮುಖ ನೋಡಿ ಮತ್ತೆ ತಡೆದರು. 2002ರಲ್ಲಿ ಸಪ್ಪೊರೊ ಜಿಲ್ಲಾ ನ್ಯಾಯಾಲಯ ಮೂವರು ಫಿರ್ಯಾದುದಾರರಿಗೂ ತಲಾ 10 ಲಕ್ಷ ಯೆನ್ ಪರಿಹಾರ ಕೊಡಿಸಿತು. ಆದರೆ ಇಂಥ ತಾರತಮ್ಯವನ್ನು ತಡೆಯದೆ ಬಿಟ್ಟ ನಗರಾಡಳಿತದ ಮೇಲಿನ ದೂರನ್ನು ತಳ್ಳಿಹಾಕಿತು. ಜನಾಂಗ ತಾರತಮ್ಯವನ್ನು ಸಮಗ್ರವಾಗಿ ನಿಷೇಧಿಸುವ ಕಾನೂನು ಇಲ್ಲಿ ಇಂದಿಗೂ ಇಲ್ಲ. 2016ರಲ್ಲಿ ತಂದ ದ್ವೇಷ ಭಾಷಣ ವಿರೋಧಿ ಕಾನೂನಿನಲ್ಲಿ ಶಿಕ್ಷೆಯೇ ಇಲ್ಲ. ಹೀಗಿರುವುದರಿಂದ ನೆರೆಯ ಅಜ್ಜಿಯ ಮೂಲಂಗಿ ಎಷ್ಟೇ ಸಿಹಿಯಾಗಿದ್ದರೂ, ಕೈಗೆ ಸಿಗುವ ಹಕ್ಕು ಎಷ್ಟೆಂಬುದನ್ನು ಬರುವವರು ಅರಿತಿರಬೇಕು.

ಚುನಾವಣೆಯ ಬಗ್ಗೆ: 2025ರ ಜುಲೈನಲ್ಲಿ ಮೇಲ್ಮನೆಗೆ ನಡೆದ ಚುನಾವಣೆಯಲ್ಲಿ ನೀವು ಹೇಳಿದ ಘೋಷಣೆಯ ಸಾನ್ಸೇಯ್ತೊ ಪಕ್ಷ 14 ಸ್ಥಾನ ಗೆದ್ದಿತು, 2022ರಲ್ಲಿ ಆ ಸದನಕ್ಕೆ ನಡೆದ ಹಿಂದಿನ ಚುನಾವಣೆಯಲ್ಲಿ ಅದು ಗೆದ್ದದ್ದು ಒಂದೇ ಸ್ಥಾನ. 2024ರ ಕೊನೆಗೆ ವಿದೇಶಿ ನಿವಾಸಿಗಳು 37 ಲಕ್ಷ 68 ಸಾವಿರ, ಅಂದರೆ ಜನಸಂಖ್ಯೆಯ ನೂರಕ್ಕೆ ಮೂರರಷ್ಟು. ಮಕ್ಕಳು ಹುಟ್ಟುವುದು ಕಡಿಮೆಯಾಗಿ ಕೆಲಸಕ್ಕೆ ಕೈಗಳು ಸಾಲದ ದೇಶಕ್ಕೆ ಈ ಮೂರು ಮಂದಿ ಬೇಕೇ ಬೇಕು. ಅವರು ಕಣ್ಣಿಗೆ ಬೀಳತೊಡಗಿದ್ದಾರೆ ಎಂಬುದೇ ಈಗಿನ ಮಾತುಗಳ ಮೂಲ. ಮೂರು ವರ್ಷಕ್ಕೆ ಬರುವ ನಿಮಗೆ ಇದರ ಬಿಸಿ ತಟ್ಟುವ ಸಂಭವ ಕಡಿಮೆ. ಮಗಳು ಇಲ್ಲಿಯೇ ಬೆಳೆಯಬೇಕೆಂದಾದರೆ ಯೋಚಿಸಬೇಕಾದದ್ದು ಬೇರೆ.

ನಿಶಿಕಾಸಾಯ್ ನಿವಾಸಿ

ಕಾನೂನು ಪುಸ್ತಕದವರ ಆಕ್ಷೇಪಣೆಯನ್ನು ಒಪ್ಪಿಕೊಂಡೆ. ಹನ್ನೊಂದು ವರ್ಷವಾದರೂ ತುಂಬಿದ ರೈಲಿನಲ್ಲಿ ನನ್ನ ಪಕ್ಕದ ಆಸನವೇ ಕೊನೆಯವರೆಗೆ ಖಾಲಿ ಉಳಿಯುವುದನ್ನು ನಾನು "ಅಂಜಿಕೆ" ಎಂದೇ ಹೇಳಿಕೊಂಡು ಬಂದಿದ್ದೇನೆ. ಬಹುಶಃ ಹಾಗೆಂದುಕೊಂಡರೆ ನಿದ್ದೆ ಬರುತ್ತದೆ ಎಂಬ ಕಾರಣಕ್ಕಿರಬೇಕು.

ಹೇಮಾವತಿ ದಂಡೆಯವ

ಎಲ್ಲರ ಉತ್ತರಗಳನ್ನೂ ಹೆಂಡತಿಗೆ ಓದಿ ಹೇಳಿದೆ. ಓಲೆಯ ವಿಷಯ ಬಂದಾಗ ಅವಳು ಮಗಳ ಕಿವಿಯನ್ನೊಮ್ಮೆ ಮುಟ್ಟಿ ನೋಡಿ ಸುಮ್ಮನಾದಳು. ಬಾವುಟದ ವಿಷಯ ಬಂದಾಗ, "ಸರದಿ ಕೊಟ್ಟರೆ ನಾನು ನಿಲ್ಲುತ್ತೇನೆ" ಎಂದಳು. ಹೋಗುತ್ತೇವೆಂದು ಸೋಮವಾರ ತಿಳಿಸಲಿದ್ದೇನೆ. ಮನೆಯನ್ನು ಕಂಪನಿಯ ಹೆಸರಿನಲ್ಲಿಯೇ ಪಡೆಯುವಂತೆ ಕೇಳಿದ್ದು, ಒಪ್ಪಿಗೆ ಸಿಗುವ ಹಾಗಿದೆ.

ಹಳದಿ ಬಾವುಟದವರಲ್ಲಿ ಒಂದು ಚಿಕ್ಕ ವಿಚಾರಣೆ. ಹೊಸ ಮನೆಗೆ ಹೋದಾಗ ನೆರೆಯವರಿಗೆ ಏನಾದರೂ ಕೊಡುವ ರೂಢಿ ಅಲ್ಲಿದೆಯೆಂದು ಕೇಳಿದ್ದೇವೆ. ಇಲ್ಲಿಂದ ಮೈಸೂರು ಪಾಕ್ ತರೋಣವೆಂದು ನನ್ನ ತಾಯಿ ಹೇಳುತ್ತಿದ್ದಾರೆ. ಸರಿಯಾದೀತೇ?

ಹಳದಿ ಬಾವುಟ

ರೂಢಿ ಇದೆ, ತಪ್ಪಿಸಬೇಡಿ. ಎದುರಿನ ಮೂರು ಮನೆ, ಅಕ್ಕಪಕ್ಕದ ಎರಡು ಮನೆ ಎಂದು ಲೆಕ್ಕ. ಅಪಾರ್ಟ್‌ಮೆಂಟ್ ಆದರೆ ಮೇಲಿನ ಮತ್ತು ಕೆಳಗಿನ ಮನೆಗಳನ್ನೂ ಸೇರಿಸಿಕೊಳ್ಳಿ. ಮೈಸೂರು ಪಾಕನ್ನು ಈಗಲೇ ಕೊಡಬೇಡಿ. ತುಪ್ಪದ ಪರಿಮಳ ಇವರಿಗೆ ಹೊಸದು, ಮನೆಯಲ್ಲಿ ಮಾಡಿದ ತಿಂಡಿಯನ್ನು ಗುರುತಿಲ್ಲದವರಿಂದ ಪಡೆಯಲು ಮುಜುಗರಪಡುತ್ತಾರೆ, ಕೊಟ್ಟದ್ದಕ್ಕೆ ಪ್ರತಿಯಾಗಿ ಏನು ಕೊಡಬೇಕೆಂಬ ಚಿಂತೆಯನ್ನೂ ಅವರ ತಲೆಗೆ ಕಟ್ಟಿದಂತಾಗುತ್ತದೆ. ಐನೂರು ಯೆನ್ನಿನೊಳಗಿನ ಕೈ ಒರೆಸುವ ಬಟ್ಟೆಯೋ, ಬಟ್ಟೆ ಒಗೆಯುವ ಪುಡಿಯ ಪೊಟ್ಟಣವೋ ಸಾಕು. ಅಂಗಡಿಯವರಿಗೆ ಮನೆ ಬದಲಾಯಿಸಿದ್ದೇವೆಂದು ಹೇಳಿದರೆ ಮೇಲೆ ಕಾಗದ ಸುತ್ತಿ ನಿಮ್ಮ ಮನೆತನದ ಹೆಸರನ್ನು ವಿದೇಶಿ ಹೆಸರುಗಳಿಗೆ ಬಳಸುವ ಕತಕಾನ ಲಿಪಿಯಲ್ಲಿ ಬರೆದುಕೊಡುತ್ತಾರೆ. ಹೆಸರು ಉದ್ದವಾಗಿದ್ದರೆ ಮೊದಲೇ ಬರೆದುಕೊಂಡು ಹೋಗಿ. ಸಂಜೆ ಊಟದ ಹೊತ್ತಿಗೆ ಬಾಗಿಲು ತಟ್ಟಬೇಡಿ, ಶನಿವಾರ ಬೆಳಿಗ್ಗೆ ಹತ್ತರ ನಂತರ ಒಳ್ಳೆಯದು. ಮಗಳನ್ನು ಮುಂದೆ ನಿಲ್ಲಿಸಿಕೊಳ್ಳಿ. ಕಸದ ಕ್ಯಾಲೆಂಡರ್ ಯಾವುದು, ಯಾವ ದಿನ ಯಾವ ಚೀಲ ಇಡಬೇಕು ಎಂದು ಅಲ್ಲಿಯೇ ಕೇಳಿಬಿಡಿ. ತಪ್ಪು ದಿನ ಇಟ್ಟ ಚೀಲವನ್ನು ಚೀಟಿ ಅಂಟಿಸಿ ಬಿಟ್ಟುಹೋಗುತ್ತಾರೆ, ಅದು ಯಾರ ಮನೆಯದೆಂದು ಓಣಿಗೆಲ್ಲ ಗೊತ್ತಿರುತ್ತದೆ.

ಮೈಸೂರು ಪಾಕನ್ನು ನಿಮ್ಮ ತಾಯಿಯವರು ಕಳುಹಿಸಲಿ. ಒಂದು ಡಬ್ಬಿಯನ್ನು ನಮ್ಮ ಮನೆಯವರು ಬಂದು ತೆಗೆದುಕೊಂಡು ಹೋಗುತ್ತಾರೆ.